ಮೂರು ಲಿಪಿ ಕಂಡ ನಾಡು ಅಝರ್‌ಬೈಜಾನ್

ಸವದತ್ತಿ ತಾಲೂಕಿನ ನಮ್ಮ ಹೂಲಿ ಗ್ರಾಮಕ್ಕೆ ಹಳೆಯ ಹೆಸರು ಪೂಲಿ. ಇಲ್ಲಿಯ ಪಂಚಲಿಂಗೇಶ್ವರ ಗುಡಿ, ಊರಿನ ಹಳೆಯ ಶಾಸನಗಳು ಚಾಲುಕ್ಯರ ಕಾಲದ ವೈಭವಕ್ಕೆ ಸಾಕ್ಷಿ. ಮಕ್ಕಳನ್ನು ಕರೆದುಕೊಂಡು ಆ ಶಾಸನಗಳ ಮುಂದೆ ನಿಂತಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ. “ಟೀಚರ್, ಇದು ಕನ್ನಡ ಅಂತೀರಿ. ಮತ್ತ ನಮಗ್ಯಾಕ ಓದಾಕ ಬರಂಗಿಲ್ಲ?” ಒಂಬೈನೂರು ವರ್ಷಗಳಲ್ಲಿ ಅಕ್ಷರಗಳ ರೂಪ ಬದಲಾಗಿದೆ ಎಂದು ಹೇಳಿ ನಾನು ಸುಮ್ಮನಾಗುತ್ತಿದ್ದೆ.

ಒಂದು ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು ಹಳೆಯ ನೋಟ್‌ಬುಕ್ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಳು. ಅದು ತೀರಿಕೊಂಡ ಆಕೆಯ ನಾನಿಯದು. “ಟೀಚರ್, ಇದರಾಗ ಏನ್ ಬರದೈತಿ ಓದಿ ಹೇಳ್ರಿ. ಮನ್ಯಾಗ ಯಾರಿಗೂ ಬರಂಗಿಲ್ಲ.” ಪುಟಗಳ ತುಂಬ ಉರ್ದು ಅಕ್ಷರಗಳಿದ್ದವು. ಮನೆಯಲ್ಲಿ ಎಲ್ಲರೂ ಮಾತನಾಡುವುದು ಅದೇ ಭಾಷೆ, ಓದಬಲ್ಲವರು ಮಾತ್ರ ಒಬ್ಬರೂ ಇಲ್ಲ. ಶಾಸನ ಮಸುಕಾಗಲು ಒಂಬೈನೂರು ವರ್ಷ ಬೇಕಾಯಿತು. ಈ ನೋಟ್‌ಬುಕ್ ಮಸುಕಾಗಲು ಎರಡು ತಲೆಮಾರು ಸಾಕಾದವು!

ಆ ರಾತ್ರಿ ಪುಟಗಳನ್ನು ತಿರುವುತ್ತಿದ್ದಾಗ ನನಗೆ ಅಝರ್‌ಬೈಜಾನ್ ನೆನಪಾಯಿತು. ಬಿ.ಎ. ಓದುವಾಗ ಬಿಜಾಪುರದ ಆದಿಲ್‌ಶಾಹಿಗಳ ಮೂಲ ಹುಡುಕುತ್ತ ಹೋಗಿ ನಾನು ಆ ನಾಡಿನ ಕಥೆ ತಲುಪಿದ್ದೆ. ತನ್ನ ಅಜ್ಜಿಯ ಅಕ್ಷರವನ್ನು ತಾನೇ ಓದಲಾರದ ಸ್ಥಿತಿಗೆ ಇಡೀ ಒಂದು ಜನಾಂಗವೇ ಬಂದ ಕಥೆಯದು.

ಬಿಜಾಪುರದ ನಂಟು

ಕಾಸ್ಪಿಯನ್ ಸಮುದ್ರದ ಪಶ್ಚಿಮ ದಂಡೆಯಲ್ಲಿ, ಕಾಕಸಸ್ ಪರ್ವತಗಳ ಮಡಿಲಲ್ಲಿ ಅಝರ್‌ಬೈಜಾನ್ ಇದೆ. ರಾಜಧಾನಿ ಬಾಕು. ಜನಸಂಖ್ಯೆ ಸುಮಾರು ಒಂದು ಕೋಟಿ. ಬಹುಪಾಲು ಜನ ಶಿಯಾ ಮುಸ್ಲಿಮರು, ಸುನ್ನಿಗಳೂ ಸಾಕಷ್ಟು ಸಂಖ್ಯೆಯಲ್ಲಿದ್ದಾರೆ. ಅವರ ಭಾಷೆ ತುರ್ಕಿ ಕುಟುಂಬಕ್ಕೆ ಸೇರಿದ್ದು. ರಷ್ಯಾ ಮತ್ತು ಇರಾನ್ ನಡುವಿನ ಯುದ್ಧಗಳ ನಂತರ 1813 ಮತ್ತು 1828ರಲ್ಲಿ ನಡೆದ ಒಪ್ಪಂದಗಳು ಈ ಜನರನ್ನು ಎರಡಾಗಿ ಹಂಚಿದವು. ಅರಸ್ ನದಿಯ ಉತ್ತರಕ್ಕಿದ್ದವರು ರಷ್ಯಾದ ಪಾಲಾದರು, ದಕ್ಷಿಣದವರು ಇರಾನಿನಲ್ಲೇ ಉಳಿದರು. ಇಂದಿಗೂ ಬಾಕುವಿನ ಸರ್ಕಾರದ ಅಡಿಯಲ್ಲಿರುವ ಅಝರ್‌ಬೈಜಾನಿಗಳಿಗಿಂತ ಇರಾನಿನಲ್ಲಿರುವವರೇ ಹೆಚ್ಚು.

ಇಷ್ಟು ದೂರದ ನಾಡಿಗೂ ನಮಗೂ ಏನು ಸಂಬಂಧ? ನಮ್ಮ ಸೀಮೆಯನ್ನು ಆಳಿದ ಬಿಜಾಪುರದ ಆದಿಲ್‌ಶಾಹಿ ಮನೆತನವನ್ನು 1490ರಲ್ಲಿ ಸ್ಥಾಪಿಸಿದವನು ಯೂಸುಫ್ ಆದಿಲ್ ಶಾ. ಅವನು ಉಸ್ಮಾನಿ ಸುಲ್ತಾನನ ಮಗನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಇಂದಿನ ಕೆಲವು ಇತಿಹಾಸಕಾರರು ಅವನನ್ನು ಅಝರ್‌ಬೈಜಾನ್ ಮತ್ತು ಪಶ್ಚಿಮ ಇರಾನನ್ನು ಆಳುತ್ತಿದ್ದ ಅಕ್ ಕೊಯುನ್ಲು ತುರ್ಕಮಾನರ ಪೈಕಿಯವನೆಂದು ಹೇಳುತ್ತಾರೆ. ಅದೇ ಕಾಲದಲ್ಲಿ, 1501ರಲ್ಲಿ, ತಬ್ರೀಝ್ ನಗರದಲ್ಲಿ ಪಟ್ಟವೇರಿದ ಶಾ ಇಸ್ಮಾಯಿಲ್ ಸಫವಿ ‘ಖತಾಯಿ’ ಎಂಬ ಕಾವ್ಯನಾಮದಲ್ಲಿ ಅಝರ್‌ಬೈಜಾನಿ ತುರ್ಕಿಯಲ್ಲೇ ಕವಿತೆ ಬರೆದ. ಅವನ ದೂತರು ಬಿಜಾಪುರಕ್ಕೂ ಬಂದರು. ಸಫವಿ ಸೈನಿಕರ ಹನ್ನೆರಡು ಮಡಿಕೆಯ ಕೆಂಪು ಟೋಪಿಯನ್ನು ಬಿಜಾಪುರದ ಸೈನಿಕರೂ ಧರಿಸಿದರು.

ಆದರೆ ಓದುಗ ಸಹೋದರಿಯರಿಗೆ ನಾನು ಹೇಳಬೇಕೆಂದಿರುವುದು ಟೋಪಿಯ ಕಥೆಯಲ್ಲ, ಇಬ್ಬರು ಹೆಂಗಸರ ಕಥೆ. ಯೂಸುಫ್ ತೀರಿಕೊಂಡಾಗ ಮಗ ಇಸ್ಮಾಯಿಲ್ ಚಿಕ್ಕ ಹುಡುಗ. ತಾಯಿ ಬೂಬೂಜಿ ಖಾನಂ ಈ ನೆಲದ ಮರಾಠಾ ಮನೆತನದ ಹೆಣ್ಣು. ಇಸ್ಮಾಯಿಲನನ್ನು ಸಾಕಿದ ಅತ್ತೆ ದಿಲ್‌ಶಾದ್ ಆಗಾ ಪರ್ಷಿಯಾದಿಂದ ಬಂದವಳು. ಕಮಾಲ್ ಖಾನ್ ಎಂಬ ಸರದಾರನ ಕಡೆಯವರು ಸಿಂಹಾಸನ ಕಸಿದುಕೊಳ್ಳಲು ಅರಮನೆಗೆ ಮುತ್ತಿಗೆ ಹಾಕಿದಾಗ ಈ ಇಬ್ಬರೂ ಕವಚ ತೊಟ್ಟು, ಬಿಲ್ಲು ಹಿಡಿದು ಕಾದಾಡಿ ಹುಡುಗನನ್ನು ಉಳಿಸಿದರೆಂದು ಫಿರಿಶ್ತಾ ಬರೆಯುತ್ತಾನೆ. ದಿಲ್‌ಶಾದ್ ಆಗಾ ಸಾಕಿದ್ದರಿಂದ ಇಸ್ಮಾಯಿಲನಿಗೆ ತುರ್ಕಿ ಮತ್ತು ಪಾರಸಿ ಮಾತೆಂದರೆ ಹೆಚ್ಚು ಇಷ್ಟವಾಗಿತ್ತಂತೆ.

ಆ ತುರ್ಕಿ ಮಾತು ಬಿಜಾಪುರದಲ್ಲಿ ಉಳಿಯಿತೇ? ಇಲ್ಲ. ಇಸ್ಮಾಯಿಲನ ಮಗ ಇಬ್ರಾಹೀಮನ ಕಾಲದಲ್ಲೇ ಸರ್ಕಾರದ ಲೆಕ್ಕಪತ್ರಗಳು ಪಾರಸಿಯನ್ನು ಬಿಟ್ಟು ಸ್ಥಳೀಯ ಭಾಷೆಗೆ ಬಂದವು. ಎರಡನೆಯ ಇಬ್ರಾಹೀಮ್ ಆದಿಲ್ ಶಾ ತನ್ನ ‘ಕಿತಾಬೆ ನವರಸ್’ ಬರೆದದ್ದು ದಖ್ಖನಿಯಲ್ಲಿ. ತುರ್ಕಿ ಆಡುತ್ತಿದ್ದ ಅತ್ತೆ ಒಬ್ಬಳಿದ್ದಳು. ಈ ಮಣ್ಣಿನ ಮಾತು ಆಡುವ ತಾಯಂದಿರು, ದಾದಿಯರು, ಸೊಸೆಯಂದಿರು ನೂರಾರು ಮಂದಿ ಇದ್ದರು. ಸಿಂಹಾಸನದ ಭಾಷೆ ಸೋತು ಅಡುಗೆಮನೆಯ ಭಾಷೆ ಗೆದ್ದಿತು.

ಆದರೂ ಒಂದಿಷ್ಟು ಪದಗಳು ಉಳಿದಿವೆ. ಉರ್ದುವಿನಲ್ಲಿ ಅಕ್ಕನನ್ನು ‘ಬಾಜಿ’ ಎನ್ನುತ್ತೇವಲ್ಲ, ಅಝರ್‌ಬೈಜಾನಿನಲ್ಲೂ ಸಹೋದರಿ ‘ಬಾಜಿ’ಯೇ. ಖಾನಂ, ಬೇಗಂ, ಬಟ್ಟೆ ಕತ್ತರಿಸುವ ಖೈಂಚಿ, ನಾವು ಮಾಡುವ ಕುರ್ಮಾ, ಕೊನೆಗೆ ‘ಉರ್ದು’ ಎಂಬ ಹೆಸರು ಕೂಡ ತುರ್ಕಿ ಮೂಲದವು. ಇನ್ನೂ ಒಂದು ಸಂಗತಿ: ಬಾಕು ಸಮೀಪದ ಸುರಾಖಾನಿಯಲ್ಲಿ ಭಾರತದ ವ್ಯಾಪಾರಿಗಳು ಕಟ್ಟಿಸಿದ ಅಗ್ನಿಮಂದಿರವೊಂದಿದೆ. ಅದರ ಗೋಡೆಗಳಲ್ಲಿ ದೇವನಾಗರಿ ಮತ್ತು ಗುರುಮುಖಿ ಅಕ್ಷರಗಳ ಶಾಸನಗಳಿವೆ. ಅಲ್ಲಿಯ ಸಾಮಾನ್ಯ ಜನರಿಗೆ ಅವು ಓದಲು ಬರುವುದಿಲ್ಲ, ನಮ್ಮ ಮಕ್ಕಳಿಗೆ ಹೂಲಿಯ ಶಾಸನ ಬಾರದ ಹಾಗೆಯೇ.

ಒಂದು ಜೀವಮಾನದಲ್ಲಿ ನಾಲ್ಕು ಬಾರಿ

ಶತಮಾನಗಳಿಂದ ಅಝರ್‌ಬೈಜಾನಿಗಳು ತಮ್ಮ ಭಾಷೆಯನ್ನು ಅರಬೀ ಲಿಪಿಯಲ್ಲಿ ಬರೆಯುತ್ತಿದ್ದರು. ಕುರ್‌ಆನ್ ಓದಲು ಕಲಿತ ಮಗು ತನ್ನ ಭಾಷೆಯನ್ನೂ ಓದಬಲ್ಲದಾಗಿತ್ತು. 1920ರ ಏಪ್ರಿಲ್‌ನಲ್ಲಿ ರಷ್ಯಾದ ಕೆಂಪು ಸೇನೆ ಬಾಕು ಪ್ರವೇಶಿಸಿತು. 1929ರಲ್ಲಿ ಅರಬೀ ಲಿಪಿ ಹೋಗಿ ಲ್ಯಾಟಿನ್ ಲಿಪಿ ಕಡ್ಡಾಯವಾಯಿತು. ಹತ್ತು ವರ್ಷ ಕಳೆದು ಜನ ಅದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ, 1940ರಿಂದ ರಷ್ಯನ್ನರ ಸಿರಿಲಿಕ್ ಲಿಪಿ ಬಂತು. 1991ರಲ್ಲಿ ದೇಶ ಸ್ವತಂತ್ರವಾದ ಮೇಲೆ ಮತ್ತೆ ಲ್ಯಾಟಿನ್ ಲಿಪಿಯನ್ನು ತರಲಾಯಿತು. 2001ರಲ್ಲಿ ಅದು ಎಲ್ಲ ವ್ಯವಹಾರಗಳಿಗೂ ಪೂರ್ಣವಾಗಿ ಜಾರಿಯಾಯಿತು.

ಯೋಚಿಸಿ ನೋಡಿ. 1915ರಲ್ಲಿ ಹುಟ್ಟಿ ದೀರ್ಘಾಯುಷಿಯಾಗಿ ಬಾಳಿದ ಹೆಂಗಸೊಬ್ಬಳು ತನ್ನ ತಾಯ್ನುಡಿಯನ್ನೇ ನಾಲ್ಕು ಬಾರಿ ಹೊಸದಾಗಿ ಓದಲು ಕಲಿಯಬೇಕಿತ್ತು. ತಾಯಿ ಮಗಳಿಗೆ ಬರೆದ ಪತ್ರವನ್ನು ಮೊಮ್ಮಗಳು ಓದಲಾರಳು. ಅರಬೀ ಅಕ್ಷರದ ಪುಸ್ತಕ ಮನೆಯಲ್ಲಿದ್ದರೆ ಅದೇ ಅಪರಾಧವಾದೀತೆಂಬ ಭಯದಿಂದ ಎಷ್ಟೋ ಮಂದಿ ಪುಸ್ತಕಗಳನ್ನು ಹೂತಿಟ್ಟರು, ಸುಟ್ಟರು. ರಾಷ್ಟ್ರಗೀತೆ ಬರೆದ ಕವಿ ಅಹ್ಮದ್ ಜವಾದ್‌ರನ್ನು 1937ರಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ‘ದ್ರೋಹಿಯ ಪತ್ನಿ’ ಎಂಬ ಒಂದೇ ಕಾರಣಕ್ಕೆ ಅವರ ಮಡದಿ ಶುಕ್ರಿಯಾ ಖಾನಂ ಎಂಟು ವರ್ಷ ಶಿಬಿರವಾಸ ಅನುಭವಿಸಿದರು. 1992ರಲ್ಲಿ ಅದೇ ಕವಿಯ ಗೀತೆ ಮತ್ತೆ ರಾಷ್ಟ್ರಗೀತೆಯಾಯಿತು.

ಮಸೀದಿಗಳ ಪಾಡೂ ಹೀಗೆಯೇ ಆಯಿತು. ಬಾಕುವಿನ ತಝಾ ಪೀರ್ ಮಸೀದಿಯನ್ನು ಸ್ವಂತ ಹಣದಿಂದ ಕಟ್ಟಲು ಆರಂಭಿಸಿದ್ದು ನಬಾತ್ ಖಾನಂ ಎಂಬ ಮಹಿಳೆ, 1905ರಲ್ಲಿ. ಕೆಲಸ ಮುಗಿಯುವ ಮುಂಚೆಯೇ ಅವರು ತೀರಿಕೊಂಡರು, ಮಗ ಪೂರ್ತಿಗೊಳಿಸಿದ. ಆ ಮಸೀದಿಯನ್ನು ಒಂದು ಕಾಲದಲ್ಲಿ ಸಿನಿಮಾ ಮಂದಿರವಾಗಿ, ಉಗ್ರಾಣವಾಗಿ ಬಳಸಲಾಯಿತು. 1943ರಲ್ಲಿ ಅಲ್ಲಿ ಮತ್ತೆ ನಮಾಝ್ ಆರಂಭವಾಯಿತು.

ಚಮ್ಮಾರನ ಮಗ ಕಟ್ಟಿದ ಹೆಣ್ಣುಮಕ್ಕಳ ಶಾಲೆ

ಇಷ್ಟೆಲ್ಲ ಹೊಡೆತ ತಿಂದ ಜನ ತಮ್ಮತನವನ್ನು ಉಳಿಸಿಕೊಂಡದ್ದು ಹೇಗೆ? ಇದಕ್ಕೆ ಉತ್ತರದ ಒಂದು ಪಾಲು ಆ ಹೊಡೆತಗಳಿಗಿಂತ ಮುಂಚಿನ ಕಥೆಯಲ್ಲಿದೆ.

ಝೈನುಲ್ ಆಬಿದೀನ್ ತಗಿಯೇವ್ ಬಾಕುವಿನ ಬಡ ಚಮ್ಮಾರನ ಮಗ. ಚಿಕ್ಕಂದಿನಲ್ಲೇ ಗಾರೆ ಕೆಲಸಕ್ಕೆ ಸೇರಿ ಬೆಳೆದ. ಮುಂದೆ ಅವನ ಜಮೀನಿನಲ್ಲಿ ಪೆಟ್ರೋಲಿಯಂ ಎಣ್ಣೆ ಸಿಕ್ಕಿ ಆಗರ್ಭ ಶ್ರೀಮಂತನಾದ. ಆ ಹಣದಿಂದ ಆತ 1901ರಲ್ಲಿ ಬಾಕುವಿನಲ್ಲಿ ಮುಸ್ಲಿಮ್ ಹೆಣ್ಣುಮಕ್ಕಳಿಗಾಗಿ ವಸತಿ ಶಾಲೆ ತೆರೆದ. ಹೆಣ್ಣುಮಕ್ಕಳಿಗೆ ಓದೇಕೆ ಎನ್ನುವವರು ಅಲ್ಲಿಯೂ ಇದ್ದರು. ಆತ ಹಿಂಜರಿಯಲಿಲ್ಲ. ಶಾಲೆಯನ್ನು ನಡೆಸಲು ಹನೀಫಾ ಖಾನಂ ಎಂಬ ವಿದ್ಯಾವಂತ ಮಹಿಳೆಯನ್ನೇ ನೇಮಿಸಿದ. ಜನಸಾಮಾನ್ಯರಿಗೆ ಅರ್ಥವಾಗಲೆಂದು ಅಝರ್‌ಬೈಜಾನಿ ಭಾಷೆಯಲ್ಲಿ ಕುರ್‌ಆನ್ ವಿವರಣೆ ಅಚ್ಚಾಗಲು ನೆರವಾದವನೂ ಇವನೇ.

ಅಂದಿನ ಪರಿಸ್ಥಿತಿ ಹೇಗಿತ್ತೆಂದರೆ, 1908ರಲ್ಲಿ ಉಝೈರ್ ಹಾಜಿಬೇಯ್ಲಿ ‘ಲೈಲಾ ಮಜ್ನೂನ್’ ಗೀತನಾಟಕವನ್ನು ರಂಗಕ್ಕೆ ತಂದಾಗ ಲೈಲಾಳ ಪಾತ್ರ ಮಾಡಿದವನೂ ಒಬ್ಬ ಚಹಾ ಅಂಗಡಿಯ ಹುಡುಗ. ಹತ್ತು ವರ್ಷಗಳ ನಂತರ, 1918ರ ಮೇ 28ರಂದು, ಅಝರ್‌ಬೈಜಾನ್ ಗಣರಾಜ್ಯ ಘೋಷಣೆಯಾಯಿತು. ಅದು ಬಾಳಿದ್ದು ಇಪ್ಪತ್ಮೂರು ತಿಂಗಳು ಮಾತ್ರ. ಅಷ್ಟರಲ್ಲೇ ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟಿತು, ಬಾಕುವಿನಲ್ಲಿ ವಿಶ್ವವಿದ್ಯಾಲಯ ತೆರೆಯಿತು. ಮುಂದುವರಿದ ದೇಶವೆನಿಸಿದ ಸ್ವಿಟ್ಜರ್ಲೆಂಡ್ ತನ್ನ ಹೆಣ್ಣುಮಕ್ಕಳಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಕೊಟ್ಟದ್ದು 1971ರಲ್ಲಿ!

ತಗಿಯೇವನ ಶಾಲೆಯ ಕಟ್ಟಡದಲ್ಲಿ ಇಂದು ಹಸ್ತಪ್ರತಿಗಳ ಸಂಸ್ಥೆ ಇದೆ. ಹಳೆಯ ಅರಬೀ ಲಿಪಿಯ ಸಾವಿರಾರು ಗ್ರಂಥಗಳನ್ನು ಅಲ್ಲಿ ಕಾಪಾಡುತ್ತಿದ್ದಾರೆ. ಹೆಣ್ಣುಮಕ್ಕಳು ಮೊದಲ ಅಕ್ಷರ ಕಲಿತ ಮನೆಯೇ ಇಡೀ ನಾಡಿನ ಅಕ್ಷರಗಳಿಗೆ ಆಸರೆಯಾಯಿತು.

ಹೆಂಗಸರ ಕೈಯಲ್ಲಿ ಉಳಿದದ್ದು

ಲಿಪಿ ಬದಲಾಯಿಸಲು ಸರ್ಕಾರದ ಒಂದು ಆಜ್ಞೆ ಸಾಕು. ಆದರೆ ತಾಯಿಯ ಕೈಕೆಲಸ, ಜೋಗುಳ, ಅಡುಗೆಗಳ ಮೇಲೆ ಆಜ್ಞೆ ನಡೆಯುವುದಿಲ್ಲ. ಅಝರ್‌ಬೈಜಾನಿನ ಹಳ್ಳಿಗಳಲ್ಲಿ ಗಂಡಸರು ಕುರಿಯ ಉಣ್ಣೆ ಕತ್ತರಿಸಿ ತಂದರೆ, ಹೆಂಗಸರು ಬಣ್ಣದ ಗಿಡ, ಬೇರುಗಳನ್ನು ಆಯ್ದು, ನೂಲು ತೆಗೆದು, ಚಳಿಗಾಲದಲ್ಲಿ ಮಗ್ಗದ ಮುಂದೆ ಕುಳಿತು ಜಮಖಾನೆ ನೇಯುತ್ತಾರೆ. ಚಿತ್ತಾರಗಳನ್ನು ಮಗಳು ಪುಸ್ತಕ ನೋಡಿ ಕಲಿಯುವುದಿಲ್ಲ, ತಾಯಿಯ ಬೆರಳು ನೋಡಿ ಕಲಿಯುತ್ತಾಳೆ. 2010ರಲ್ಲಿ ಯುನೆಸ್ಕೋ ಈ ಕಲೆಯನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು.

2014ರಲ್ಲಿ ಅದೇ ಗೌರವ ‘ಕೆಲಗಾಯಿ’ಗೆ ಸಿಕ್ಕಿತು. ಇದು ಹೆಂಗಸರು ತಲೆಗೆ ಹೊದೆಯುವ ಚೌಕಾಕಾರದ ರೇಷ್ಮೆ ಶಾಲು. ಶೇಕಿ ಮತ್ತು ಬಾಸ್ಗಲ್ ಎಂಬ ಊರುಗಳು ಇದಕ್ಕೆ ಹೆಸರುವಾಸಿ. ಮರದ ಅಚ್ಚನ್ನು ಬಿಸಿ ಮೇಣದಲ್ಲಿ ಅದ್ದಿ ಬಟ್ಟೆಯ ಮೇಲೆ ಒತ್ತಿ, ನಂತರ ಬಣ್ಣದಲ್ಲಿ ಮುಳುಗಿಸಿದರೆ ಮೇಣ ಹತ್ತಿದ ಕಡೆ ಚಿತ್ತಾರ ಮೂಡುತ್ತದೆ. ಮದುಮಗಳಿಗೆ ಕೆಂಪು ಕೆಲಗಾಯಿ. ಗಂಡಸರು ಜಗಳವಾಡುತ್ತಿರುವಾಗ ಹಿರಿಯ ಹೆಂಗಸೊಬ್ಬಳು ತನ್ನ ಕೆಲಗಾಯಿಯನ್ನು ನಡುವೆ ಎಸೆದರೆ ಅದನ್ನು ತುಳಿದು ಮುಂದೆ ಹೋಗಬಾರದು, ಜಗಳ ಅಲ್ಲಿಗೇ ನಿಲ್ಲಬೇಕೆಂಬುದು ಅವರ ಹಳೆಯ ಪದ್ಧತಿ.

ಅವರ ‘ಪ್ಲೋವ್’ ನಮ್ಮ ಪಲಾವಿನ ಸಂಬಂಧಿಯೇ. ಆದರೆ ಕೇಸರಿ ಬೆರೆಸಿದ ಅನ್ನವನ್ನೂ ಮಾಂಸದ ಪದಾರ್ಥವನ್ನೂ ಬೇರೆ ಬೇರೆಯಾಗಿ ಬೇಯಿಸಿ ಬಡಿಸುವಾಗ ಕೂಡಿಸುತ್ತಾರೆ. ಮಾರ್ಚ್‌ನಲ್ಲಿ ವಸಂತದ ‘ನವರೂಝ್’ ಬಂದಾಗ ಮನೆಮನೆಯಲ್ಲಿ ತಟ್ಟೆಯಲ್ಲಿ ಗೋಧಿ ಮೊಳಕೆ ಬೆಳೆಸುತ್ತಾರೆ, ನಮ್ಮ ನೆರೆಮನೆಯವರು ನವರಾತ್ರಿಯಲ್ಲಿ ಬೆಳೆಸುವಂತೆ. ಇದು ಧಾರ್ಮಿಕ ಹಬ್ಬವಲ್ಲ, ಋತುವಿನ ಸಂಭ್ರಮ. ಸೋವಿಯತ್ ಆಡಳಿತದಲ್ಲಿ ಬಹುಕಾಲ ಇದಕ್ಕೆ ಸರ್ಕಾರದ ಮನ್ನಣೆ ಇರಲಿಲ್ಲವಾದರೂ ಮನೆಯ ಹೆಂಗಸರು ಬಿಡಲಿಲ್ಲ.

ಆದರೆ ಎಲ್ಲವೂ ಉಳಿಯಿತೆಂದು ಹೇಳಿದರೆ ಸುಳ್ಳಾದೀತು. ಜೋಗುಳ ಉಳಿಯಿತು, ಪತ್ರಗಳು ಮೂಕವಾದವು. ಕೈಕೆಲಸ ಉಳಿಯಿತು, ಮನೆಯ ದಾಖಲೆಗಳು ಮೂಕವಾದವು. ಬಾಯಿಂದ ಬಾಯಿಗೆ ಬರುವುದು ಬರುತ್ತದೆ, ಬರೆದಿಟ್ಟದ್ದು ಮಾತ್ರ ಓದು ಬಲ್ಲವರಿಗಾಗಿ ಕಾಯುತ್ತದೆ.

ನೋಟ್‌ಬುಕ್ಕಿನ ಕೊನೆಯ ಪುಟ

ಆ ಹುಡುಗಿಯ ನಾನಿಯ ನೋಟ್‌ಬುಕ್ಕಿನಲ್ಲಿ ಏನಿತ್ತು? ಮಕ್ಕಳು ಹುಟ್ಟಿದ ದಿನ, ಕೆಲವು ದುಆಗಳು, ಕೆಮ್ಮಿಗೆ ಮನೆಮದ್ದು. ಕೊನೆಯ ಪುಟದಲ್ಲಿ ಒಂದು ಲೆಕ್ಕ. ಮಗಳ ಹೆರಿಗೆಗೆಂದು ಓಣಿಯ ಗೌಡರ ಮನೆಯ ಹಿರಿಯವ್ವನಿಂದ ಪಡೆದ ಇನ್ನೂರು ರೂಪಾಯಿಯಲ್ಲಿ ನೂರಾ ಇಪ್ಪತ್ತು ತೀರಿದೆ, ಎಂಬತ್ತು ಬಾಕಿ ಇದೆ, ನಾನು ತೀರಿಸದೆ ಹೋದರೆ ಮಕ್ಕಳು ತೀರಿಸಲಿ ಎಂದು ಬರೆದಿತ್ತು.

ನಾನು ಓದಿ ಹೇಳಿದಾಗ ಹುಡುಗಿಯ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಆ ಹೆರಿಗೆ ಅವರದೇ. ಜನಾಝಾ ಮುಂದೆ ಬಂದಾಗ ಮೃತರ ಮೇಲೆ ಸಾಲವಿದೆಯೇ ಎಂದು ಪ್ರವಾದಿಯವರು(ಸ) ವಿಚಾರಿಸುತ್ತಿದ್ದರೆಂಬುದು ನಮಗೆಲ್ಲ ಗೊತ್ತು. ಸಾಲದ ಚೀಟಿ ಹನ್ನೊಂದು ವರ್ಷ ಮನೆಯ ಪೆಟ್ಟಿಗೆಯಲ್ಲೇ ಇತ್ತು, ಓದುವವರು ಇರಲಿಲ್ಲ. ಮರುದಿನ ತಾಯಿ ಮಗಳು ಹಣ ತೆಗೆದುಕೊಂಡು ಗೌಡರ ಮನೆಗೆ ಹೋದರು. ಹಿರಿಯವ್ವ ಈಗಿಲ್ಲ. ಸೊಸೆ ಮೊದಲು ಬೇಡವೆಂದರು. ಕೊನೆಗೆ “ನಿಮ್ಮವ್ವನ ಜೀವಕ್ಕ ಸಮಾಧಾನ ಆಗ್ಲೆವ್ವಾ” ಎಂದು ತೆಗೆದುಕೊಂಡರು.

ಕನ್ನಡ ನಮ್ಮ ಮಕ್ಕಳ ಅನ್ನದ, ಅರಿವಿನ ಭಾಷೆ. ಈ ಲೇಖನವನ್ನು ನೀವು ಓದುತ್ತಿರುವುದೂ ಕನ್ನಡದಲ್ಲೇ. ಅದನ್ನು ಬಿಟ್ಟು ಉರ್ದು ಕಲಿಸಿ ಎಂದು ನಾನು ಹೇಳುತ್ತಿಲ್ಲ. ಭಾಷೆಗಳ ವೈವಿಧ್ಯವನ್ನು ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದೆಂದು ಕುರ್‌ಆನಿನ ಅರ್‍ರೂಮ್ ಅಧ್ಯಾಯ ತಿಳಿಸುತ್ತದೆ. ಒಂದು ದೃಷ್ಟಾಂತಕ್ಕಾಗಿ ಇನ್ನೊಂದನ್ನು ಅಳಿಸಬೇಕಾಗಿಲ್ಲ. ಅಝರ್‌ಬೈಜಾನಿಗಳ ಲಿಪಿಯನ್ನು ಸರ್ಕಾರದ ಆಜ್ಞೆ ಕಸಿದುಕೊಂಡಿತು. ನಮ್ಮ ಮನೆಯ ಅಕ್ಷರವನ್ನು ಯಾರೂ ಕಸಿದುಕೊಂಡಿಲ್ಲ, ನಾವೇ ಕೈಬಿಟ್ಟಿದ್ದೇವೆ. ಕುರ್‌ಆನ್ ಓದಲು ಬರುವ ಮಗುವಿಗೆ ಅರಬೀ ಅಕ್ಷರಗಳು ಹೇಗೂ ಗೊತ್ತು. ಉರ್ದುವಿಗೆ ಇನ್ನು ಕೆಲವೇ ಅಕ್ಷರ ಹೆಚ್ಚು. ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ತಿಂಗಳು ಕುಳಿತರೆ ಸಾಕು.

ಆ ಹುಡುಗಿ ಈಗ ಪ್ರತಿದಿನ ಶಾಲೆ ಬಿಟ್ಟ ಮೇಲೆ ಬರುತ್ತಾಳೆ. ಮೊನ್ನೆ ನಾನಿಯ ಹೆಸರನ್ನು ತಾನೇ ಕೂಡಿಸಿ ಓದಿದಳು. ಸಹೋದರಿಯರೇ, ಇಂದು ನಿಮ್ಮ ಮನೆಯ ಹಳೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿ. ಅದರಲ್ಲಿಯೂ ಓದುವವರಿಗಾಗಿ ಕಾಯುತ್ತಿರುವ ಒಂದು ಪುಟ ಇರಬಹುದು.