ದತ್ತನಿಧಿಗಳ ಗಣಿತಮೂಲ

ಲಕ್ಷಾಂತರ ವಿವರಗಳನ್ನು ಗಣಕಯಂತ್ರದಲ್ಲಿ ಕೂಡಿಡುವುದು ಒಂದು ಕೆಲಸ. ಕೂಡಿಟ್ಟುದರಿಂದ ಸತ್ಯವಾದ ಉತ್ತರವನ್ನೇ ಪಡೆಯುವುದು ಬೇರೊಂದು ಕೆಲಸ. ಮೊದಲನೆಯದು ಯಂತ್ರಶಿಲ್ಪಕ್ಕೆ ಸೇರಿದುದು. ಎರಡನೆಯದು ತರ್ಕಕ್ಕೆ ಸೇರಿದುದು. ಈ ಭೇದವನ್ನು ಸ್ಪಷ್ಟವಾಗಿ ಕಂಡು, ದತ್ತನಿಧಿಗಳಿಗೆ ಗಣಿತದ ತಳಹದಿಯನ್ನು ಒದಗಿಸಿದವರಲ್ಲಿ ಎಡ್ಗರ್ ಎಫ್. ಕಾಡ್ (1923–2003) ಅಗ್ರಗಣ್ಯರು. ಅವರ 1969 ಮತ್ತು 1970ರ ಪ್ರಬಂಧಗಳ ಮುಖ್ಯ ವಿಚಾರವನ್ನು ಇಲ್ಲಿ ನಿರೂಪಿಸಲು ಯತ್ನಿಸುತ್ತೇವೆ.

ಇಂಗ್ಲೆಂಡಿನ ಪೋರ್ಟ್‌ಲೆಂಡಿನಲ್ಲಿ ಜನಿಸಿದ ಕಾಡ್ ಆಕ್ಸ್‌ಫರ್ಡಿನಲ್ಲಿ ಗಣಿತವನ್ನು ವ್ಯಾಸಂಗಮಾಡಿ, 1949ರಲ್ಲಿ ಐ.ಬಿ.ಎಂ. ಸಂಸ್ಥೆಯನ್ನು ಸೇರಿದರು, 1965ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪದವಿಯನ್ನು ಪಡೆದರು. ಆ ಕಾಲದ ದತ್ತನಿಧಿಗಳಲ್ಲಿ ವಿವರಗಳು ವೃಕ್ಷದ ಕೊಂಬೆಗಳಂತೆಯೋ ಜಾಲದ ಎಳೆಗಳಂತೆಯೋ ಒಂದಕ್ಕೊಂದು ಕಟ್ಟಲ್ಪಟ್ಟಿದ್ದುವು. ಐ.ಬಿ.ಎಂ. ಸಂಸ್ಥೆಯದೇ ಆದ ಐ.ಎಂ.ಎಸ್. ವೃಕ್ಷಕ್ರಮಕ್ಕೆ ನಿದರ್ಶನ. ಬೇಕಾದ ವಿವರವನ್ನು ತಲಪುವ ದಾರಿಯನ್ನು ಕ್ರಮವಿಧಿ ಬರೆಯುವವನು ಮೊದಲೇ ಅರಿತಿರಬೇಕಾಗಿತ್ತು; ಜೋಡಣೆ ಬದಲಾದರೆ ಕ್ರಮವಿಧಿಯೂ ಕೆಡುತ್ತಿತ್ತು. ವಿವರದ ಅರ್ಥವೂ ಅದನ್ನು ಇರಿಸಿದ ರೀತಿಯೂ ಹೀಗೆ ಬೆರೆತುಹೋಗಿದ್ದುವು.

ಇವೆರಡನ್ನೂ ಬೇರ್ಪಡಿಸಲು ಕಾಡ್ ಆಶ್ರಯಿಸಿದುದು ಗಣಸಿದ್ಧಾಂತದ ‘ಸಂಬಂಧ’ವೆಂಬ ಪರಿಕಲ್ಪನೆಯನ್ನು. ವಿದ್ಯಾರ್ಥಿಗಳದೊಂದು ಗಣ, ವಿಷಯಗಳದೊಂದು ಗಣ ಎಂದಿಟ್ಟುಕೊಳ್ಳೋಣ. ಅವುಗಳ ಕಾರ್ಟೀಸಿಯನ್ ಗುಣಲಬ್ಧದ ಯಾವುದೇ ಉಪಗಣವೂ ಒಂದು ಸಂಬಂಧವೇ. ‘ಯಾರು ಯಾವ ವಿಷಯವನ್ನು ಓದುತ್ತಾರೆ’ ಎಂಬ ಕೋಷ್ಟಕ ಅಂತಹುದೊಂದು ಉಪಗಣ; ಅದರ ಒಂದೊಂದು ಪಂಕ್ತಿಯೂ ಒಂದೊಂದು ಸತ್ಯವಾಕ್ಯ. ಗಣವಾದುದರಿಂದ ಪಂಕ್ತಿಗಳ ಹಿಂದುಮುಂದಿಗೆ ಅರ್ಥವಿಲ್ಲ. ಒಂದೇ ಪಂಕ್ತಿ ಎರಡು ಸಲ ಬರುವಂತಿಲ್ಲ. ಕೆಲವು ಅಂಕಣಗಳನ್ನು ಮಾತ್ರ ಆರಿಸುವುದು, ಸಮಾನವಾದ ಅಂಕಣದ ಮೂಲಕ ಎರಡು ಸಂಬಂಧಗಳನ್ನು ಜೋಡಿಸುವುದು ಮೊದಲಾದ ಕ್ರಿಯೆಗಳನ್ನು ಅವರು ವಿವರಿಸಿದರು. ಪೂರ್ಣಾಂಕಗಳನ್ನು ಕೂಡಿದರೆ ಪೂರ್ಣಾಂಕವೇ ದೊರೆಯುವಂತೆ, ಈ ಕ್ರಿಯೆಗಳಿಂದ ಮತ್ತೊಂದು ಸಂಬಂಧವೇ ದೊರೆಯುತ್ತದೆ.

1969ರ ವರದಿಯ ಶೀರ್ಷಿಕೆಯಲ್ಲಿಯೇ ಮೂರು ಪ್ರಶ್ನೆಗಳು ಅಡಗಿವೆ: ನಿಷ್ಪಾದ್ಯತೆ, ಪುನರುಕ್ತಿ, ಅವಿರೋಧ. ಇರುವ ಸಂಬಂಧಗಳಿಂದ ಯಾವುದನ್ನು ಪಡೆಯಬಹುದು ಎಂಬುದು ಮೊದಲನೆಯದು. ಇಲ್ಲಿ ಅಪಾಯವೊಂದುಂಟು. ‘ಸೀತೆ ಗೋಪಾಲರಾಯರ ಶಿಷ್ಯೆ’ ಎಂದು ಒಂದು ಕೋಷ್ಟಕವೂ, ‘ಗೋಪಾಲರಾಯರು ತರ್ಕವನ್ನೂ ಬೀಜಗಣಿತವನ್ನೂ ಬೋಧಿಸುತ್ತಾರೆ’ ಎಂದು ಇನ್ನೊಂದೂ ಹೇಳಲಿ. ಎರಡನ್ನೂ ಜೋಡಿಸಿದರೆ ಸೀತೆಯ ಹೆಸರು ಎರಡು ವಿಷಯಗಳ ಮುಂದೆಯೂ ಬರುತ್ತದೆ. ಆಕೆ ಓದುವುದು ತರ್ಕವೊಂದನ್ನೇ ಇರಬಹುದು. ಎರಡು ಕೋಷ್ಟಕಗಳೂ ಸತ್ಯ. ಅವುಗಳಿಂದ ನಾವು ತೆಗೆದ ನಿರ್ಣಯ ಮಿಥ್ಯ. 1970ರ ಪ್ರಬಂಧದಲ್ಲಿ ಕಾಡ್ ಇಂತಹ ಬಲೆಯ ವಿಷಯದಲ್ಲಿ ಎಚ್ಚರಿಕೆಯನ್ನು ಕೊಟ್ಟಿದ್ದಾರೆ. ಯಂತ್ರವೆಷ್ಟು ವೇಗವಾಗಿದ್ದರೂ ಈ ದೋಷವನ್ನು ನೀಗಲಾರದು.

ಇತರ ಸಂಬಂಧಗಳಿಂದ ಪಡೆಯಬಹುದಾದುದನ್ನೇ ಮತ್ತೆ ಬರೆದಿಟ್ಟರೆ ಅದು ಪುನರುಕ್ತಿ. ಬರೆದೆರಡು ಪ್ರತಿಗಳು ಒಂದನ್ನೊಂದು ಅಲ್ಲಗಳೆದರೆ ಅವಿರೋಧಕ್ಕೆ ಭಂಗ. ಯಾವುದು ಯಾವುದರಿಂದ ನಿಷ್ಪನ್ನವಾಗಬೇಕೆಂಬುದನ್ನು ನಾವು ಮೊದಲೇ ಘೋಷಿಸದಿದ್ದರೆ, ಯಂತ್ರ ವಿರೋಧವನ್ನು ಗುರುತಿಸಲಾರದು.

ಈ ವಿಚಾರವನ್ನು ಕಾಡ್ 1971ರಿಂದ ಮುಂದುವರಿಸಿದರು. ಒಂದು ವಿಷಯಕ್ಕೆ ಒಬ್ಬರೇ ಬೋಧಕರಿರುವಲ್ಲಿ, ಪ್ರತಿಯೊಬ್ಬ ವಿದ್ಯಾರ್ಥಿಯ ಪಂಕ್ತಿಯಲ್ಲಿಯೂ ವಿಷಯದೊಡನೆ ಬೋಧಕರ ಹೆಸರನ್ನು ಬರೆದೆವೆನ್ನೋಣ. ಅರುವತ್ತು ವಿದ್ಯಾರ್ಥಿಗಳಿದ್ದರೆ ಹೆಸರು ಅರುವತ್ತು ಕಡೆ ಬರುತ್ತದೆ. ಬೋಧಕರು ಬದಲಾದಾಗ ಒಂದು ಕಡೆ ತಿದ್ದಲು ಮರೆತರೂ ನಿಧಿ ಎರಡು ಮಾತನಾಡುತ್ತದೆ. ಕಡೆಯ ವಿದ್ಯಾರ್ಥಿ ತೊರೆದನೆಂದರೆ, ಬೋಧಕರಾರೆಂಬ ಸಂಗತಿಯೇ ಅಳಿದುಹೋಗುತ್ತದೆ. ‘ವಿದ್ಯಾರ್ಥಿ–ವಿಷಯ’, ‘ವಿಷಯ–ಬೋಧಕ’ ಎಂದು ಒಡೆದರೆ ಈ ತೊಡಕುಗಳು ನೀಗುತ್ತವೆ. ವಿಷಯವೊಂದು ಬೋಧಕರೊಬ್ಬರನ್ನೇ ನಿಶ್ಚಯಿಸುವುದರಿಂದ, ಮತ್ತೆ ಜೋಡಿಸಿದಾಗ ಮೊದಲಿನ ಕೋಷ್ಟಕವೇ ದೊರೆಯುತ್ತದೆ. ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಸೀತೆಯ ಉದಾಹರಣೆಯಲ್ಲಿ ಇಂತಹ ನಿಶ್ಚಯವಿರಲಿಲ್ಲ. ಅಲ್ಲಿ ತಪ್ಪಾದುದಕ್ಕೆ ಇದೇ ಕಾರಣ. ಇಂತಹ ಅವಲಂಬನೆಗಳನ್ನು ಒಂದರಿಂದೊಂದು ಸಾಧಿಸುವ ನಿಯಮಗಳನ್ನು ಆರ್ಮ್‌ಸ್ಟ್ರಾಂಗ್ 1974ರಲ್ಲಿ ಸ್ವಯಂಸಿದ್ಧಗಳ ರೂಪದಲ್ಲಿ ನಿರೂಪಿಸಿದರು.

ಈ ಸಿದ್ಧಾಂತ ಕಾರ್ಯಸಾಧ್ಯವೆಂಬುದನ್ನು 1970ರ ದಶಕದಲ್ಲಿ ಐ.ಬಿ.ಎಂ.ನ ಸಿಸ್ಟಮ್ ಆರ್ ಮತ್ತು ಬರ್ಕ್ಲಿಯ ಇಂಗ್ರೆಸ್ ಯೋಜನೆಗಳು ತೋರಿಸಿಕೊಟ್ಟವು. 1981ರಲ್ಲಿ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಇಂದು ಬ್ಯಾಂಕಿನ ಲೆಕ್ಕವೂ ರೈಲಿನ ಮುಂಗಡ ಟಿಕೆಟ್ಟೂ ಪರೀಕ್ಷೆಯ ಅಂಕಪಟ್ಟಿಯೂ ದತ್ತನಿಧಿಗಳನ್ನು ನಂಬಿರುವುದರಿಂದ, ಸತ್ಯವಾದ ವಿವರಗಳಿಂದಲೂ ಸುಳ್ಳು ಹುಟ್ಟಬಹುದೆಂಬ ಎಚ್ಚರ ಎಲ್ಲರಿಗೂ ಆವಶ್ಯಕ. ಗಣ, ಉಪಗಣ, ಸಂಬಂಧಗಳನ್ನು ತರಗತಿಯಲ್ಲಿ ಬೋಧಿಸುವಾಗ ಈ ಉದಾಹರಣೆಗಳನ್ನೂ ವಿದ್ಯಾರ್ಥಿಗಳ ಮುಂದಿಟ್ಟರೆ, ಒಣವ್ಯಾಖ್ಯೆಗಳೆಂದು ತೋರುವುವುಗಳ ಪ್ರಯೋಜನ ಅವರಿಗೆ ಮನದಟ್ಟಾಗುವುದೆಂದು ನಂಬಿದ್ದೇವೆ.