ದೇಗುಲದ ರೂಪ, ಚಿತ್ರದ ಸಾಕ್ಷ್ಯ

ದೇವಾಲಯಗಳನ್ನು ಕಲ್ಲಿನಲ್ಲಿ ಕಟ್ಟಿದ ನಮ್ಮ ಶಿಲ್ಪಿಗಳು ಅವುಗಳ ರೂಪವನ್ನು ಕಲ್ಲಿನಲ್ಲಿಯೇ ಚಿತ್ರಿಸಿಯೂ ಇಟ್ಟಿದ್ದಾರೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದ ಹೊರಭಿತ್ತಿಯನ್ನು ಕಂಡವರಿಗೆ ಇದು ವಿದಿತವೇ ಆಗಿದೆ. ಅಲ್ಲಿ ಅರ್ಧಸ್ತಂಭಗಳ ಮೇಲೆ ಮೂಡಿರುವ ಕಿರುಶಿಖರಗಳಲ್ಲಿ ಒಂದೊಂದೂ ಒಂದು ಪುಟ್ಟ ದೇಗುಲವೇ ಸರಿ. ಇವೆಲ್ಲವೂ ಪೂರ್ಣಾಂಗ ದೇಗುಲಗಳು. ಶಿಲ್ಪಿಯ ಭಾವನೆಯಲ್ಲಿ ದೇವಾಲಯಕ್ಕೆ ಜೀರ್ಣಾವಸ್ಥೆಯೇ ಇಲ್ಲ.

ಪಾಳುಬಿದ್ದ ದೇಗುಲಗಳ ಚಿತ್ರಣವು ನಮ್ಮಲ್ಲಿ ವಿಶೇಷವಾಗಿ ಬೆಳೆದುದು ಆಂಗ್ಲರ ಕಾಲದಲ್ಲಿ. 1786ರಿಂದ 1793ರವರೆಗೆ ಭಾರತದಲ್ಲಿ ಸಂಚರಿಸಿದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಚಿತ್ರಕಾರರು ತಾವು ಕಂಡ ಗುಡಿಗೋಪುರಗಳನ್ನೂ ಸ್ಥಳದೃಶ್ಯಗಳನ್ನೂ ಮುಂದೆ 144 ಅಚ್ಚುಚಿತ್ರಗಳಾಗಿ ಪ್ರಕಟಿಸಿದರು. ಆದರೆ ಕುಂಚಕ್ಕೆ ಸೌಂದರ್ಯದ ಒಲವು ಸಹಜ. ನೋಟದ ಚೆಲುವಿಗಾಗಿ ಅದು ಒಂದನ್ನು ಬಿಟ್ಟು ಮತ್ತೊಂದನ್ನು ಎತ್ತಿ ತೋರಬಹುದು. ಛಾಯಾಚಿತ್ರಕ್ಕೆ ಆ ಸ್ವಾತಂತ್ರ್ಯ ಕಡಿಮೆ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಮೇಣ ಸವರಿದ ಕಾಗದದ ಮೇಲೆ ಹಂಪೆಯ ಛಾಯಾಚಿತ್ರಗಳನ್ನು ತೆಗೆದನು. ಅವುಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥವೂ ಸೇರಿದೆ. ರಥದಂತೆ ಕಾಣುವ ಇದು ವಸ್ತುತಃ ಗರುಡನ ಗುಡಿ. ಆ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆ-ಗಾರೆಗಳ ಶಿಖರವೊಂದು ನಿಂತಿದೆ, ಇಂದು ಅದಿಲ್ಲ. 2017ರಲ್ಲಿ ಹೊರಬಂದ 50 ರೂಪಾಯಿಯ ನೋಟಿನ ಮೇಲಿರುವುದೂ ಶಿಖರವಿಲ್ಲದ ರಥವೇ. ಉಳಿದುದನ್ನೇ ಪೂರ್ಣವೆಂದು ನಂಬಲು ನಮ್ಮ ಕಣ್ಣು ಹೀಗೆ ಒಗ್ಗಿಹೋಗಿದೆ. 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕರು ಗ್ರೀನ್‌ಲಾ ನಿಂತಿದ್ದ ತಾಣಗಳಿಂದಲೇ ಮರಳಿ ಚಿತ್ರ ತೆಗೆದರು. ಎರಡನ್ನೂ ಜೊತೆಯಲ್ಲಿಟ್ಟು ನೋಡಿದಾಗ ನಡುವಣ ಕಾಲದಲ್ಲಿ ಅಳಿದುದೆಷ್ಟು, ಉಳಿದುದೆಷ್ಟು ಎಂಬುದು ವ್ಯಕ್ತವಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಕ್ರಮವು ಅಪರಿಚಿತವೇನಲ್ಲ. ತಾಳೆಯೋಲೆಯ ಪ್ರತಿಗಳನ್ನು ತಾಳೆನೋಡಿ ಪಾಠವನ್ನು ನಿರ್ಣಯಿಸುವ ಸಂಪಾದಕನಂತೆಯೇ ದೇಗುಲದ ಅಭ್ಯಾಸಿಯೂ ಚಿತ್ರಗಳನ್ನು ಹೋಲಿಸಬೇಕು. ಹಳೆಯ ಪ್ರತಿಯೆಲ್ಲವೂ ಮೂಲಪ್ರತಿಯಲ್ಲವೆಂಬ ಎಚ್ಚರವೂ ಅವಶ್ಯ: 1856ರ ಚಿತ್ರವು 1856ರ ಸ್ಥಿತಿಗೆ ಮಾತ್ರ ಸಾಕ್ಷಿ.

ಭಕ್ತರಿಗೂ ಇದರಲ್ಲೊಂದು ಪಾಠವಿದೆ. ಊರ ಗುಡಿಯ ಜೀರ್ಣೋದ್ಧಾರವು ಪುಣ್ಯಕಾರ್ಯವೇನೋ ಹೌದು. ಆದರೆ ಬಣ್ಣ ಬಳಿದ, ಸಿಮೆಂಟು ಮೆತ್ತಿದ ಮೇಲೆ ಹಿಂದಿನ ರೂಪವು ಮರಳಿ ಕಾಣದು. ಆದುದರಿಂದ ಕೆಲಸಕ್ಕೆ ತೊಡಗುವ ಮುನ್ನ ಗುಡಿಯ ನಾಲ್ಕೂ ದಿಕ್ಕುಗಳ ಚಿತ್ರಗಳನ್ನು ತೆಗೆದು, ದಿನಾಂಕವನ್ನು ಬರೆದು ಕಾಪಿಡುವುದು ಮುಂದಿನವರಿಗೆ ನಾವು ಸಲ್ಲಿಸಬೇಕಾದ ಋಣವಾಗಿದೆ.