ಬೊಜ್ಜು ಬೆಕ್ಕಿಗೆ ಉಪವಾಸ ಬೇಡ, ಲೆಕ್ಕ ಬೇಕು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳದ ಮಕ್ಕಳು ಕನ್ನಡ ನಾಡಿನಲ್ಲಿ ಕಡಿಮೆ. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಿದಾಗ ಕೃಷ್ಣದೇವರಾಯ ಮನೆಗೊಂದು ಬೆಕ್ಕನ್ನೂ ಅದರ ಹಾಲಿಗೆಂದು ಒಂದು ಹಸುವನ್ನೂ ಕೊಟ್ಟನಂತೆ. ಕೆಲವು ತಿಂಗಳ ನಂತರ ತಪಾಸಣೆ ನಡೆದಾಗ ಎಲ್ಲರ ಬೆಕ್ಕುಗಳೂ ದುಂಡುದುಂಡಾಗಿದ್ದವು. ರಾಮಕೃಷ್ಣನದು ಮಾತ್ರ ಎಲುಬಿನ ಹಂದರ. ಮೊದಲ ದಿನವೇ ಕುದಿಯುವ ಹಾಲಿಗೆ ಬಾಯಿಟ್ಟು ನಾಲಿಗೆ ಸುಟ್ಟುಕೊಂಡಿದ್ದ ಅದು ಹಾಲಿನ ಬಟ್ಟಲು ಕಂಡೊಡನೆ ಓಟ ಕಿತ್ತಿತು. ಕಥೆಯ ಸ್ವಾರಸ್ಯವೆಲ್ಲ ರಾಮಕೃಷ್ಣನ ಜಾಣತನದಲ್ಲಿದೆ. ಆದರೆ ರಾಜನ ಮೆಚ್ಚುಗೆ ಪಡೆದ ಆ ದುಂಡು ಬೆಕ್ಕುಗಳನ್ನು ಇಂದಿನ ಪಶುವೈದ್ಯರ ಮುಂದೆ ನಿಲ್ಲಿಸಿದರೆ ಅವುಗಳ ಯಜಮಾನರಿಗೂ ನಾಲ್ಕು ಮಾತು ಬೀಳುವುದು ಖಂಡಿತ. ಹೊಟ್ಟೆ ತುಂಬ ಹಾಲು ಕುಡಿದ ಆ ಬೆಕ್ಕುಗಳು ಇಲಿ ಹಿಡಿದವೇ ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ.

ಹಳ್ಳಿಯ ಮನೆಗಳಲ್ಲಿ ಬೆಕ್ಕಿಗೆ ಹಾಲು ಅನ್ನ ಹಾಕುವುದು ರೂಢಿ. ಆದರೂ ಅಲ್ಲಿ ಬೊಜ್ಜು ಬೆಳೆದ ಬೆಕ್ಕು ಕಾಣುವುದು ಅಪರೂಪ. ಆ ಬೆಕ್ಕಿಗೆ ಮನೆಯವರು ಹಾಕುವ ಹಿಡಿ ಅನ್ನ ಬರಿಯ ಉಪಾಹಾರವಷ್ಟೇ. ಉಳಿದದ್ದನ್ನು ಅದು ಅಟ್ಟದಲ್ಲಿ, ಹುಲ್ಲಿನ ಬಣವೆಯಲ್ಲಿ, ಗದ್ದೆಯ ಬದುವಿನಲ್ಲಿ ತಾನೇ ಹುಡುಕಿಕೊಳ್ಳುತ್ತದೆ. ಅದೇ ಬೆಕ್ಕಿನ ಮರಿ ಬೆಂಗಳೂರಿನ ಮೂರನೇ ಮಹಡಿಯ ಮನೆಗೆ ಬಂದರೆ ಚಿತ್ರವೇ ಬೇರೆ. ಬಾಗಿಲು ಸದಾ ಮುಚ್ಚಿರುತ್ತದೆ. ಹಾರಲು ಸೋಫಾ, ಬೇಟೆಗೆ ಒಂದೆರಡು ಹಲ್ಲಿ. ತಟ್ಟೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯ ಒಣ ಆಹಾರ, ಮೇಲೆ ಅಜ್ಜಿಯ ಹಾಲು, ಮಗ ಕದ್ದು ಕೊಡುವ ಬಿಸ್ಕತ್ತು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದರಂತೂ ದೇಹಕ್ಕೆ ಬೇಕಾದ ಶಕ್ತಿ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದೇ. ಅದರ ಮರುವಾರದಿಂದ ತಟ್ಟೆಯ ಅಳತೆ ಬದಲಾಗಬೇಕು, ಅಷ್ಟೆ.

ಒಂದು ಇಲಿಮರಿಯ ಗಾತ್ರದ ಚಿಟ್ಟಿಲಿಯಿಂದ ಬೆಕ್ಕಿಗೆ ದೊರೆಯುವುದು ಸುಮಾರು 30 ಕಿಲೋಕ್ಯಾಲರಿ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಇಂಥ ಏಳೆಂಟು ಬೇಟೆ ಸಾಕು. ಎಂಟು ಬೇಟೆ ದಕ್ಕಬೇಕಾದರೆ ಅದಕ್ಕಿಂತ ಹೆಚ್ಚು ಸಲ ಹೊಂಚು ಹಾಕಬೇಕು, ನೆಗೆಯಬೇಕು, ಸೋಲಬೇಕು. ಸ್ವಲ್ಪಸ್ವಲ್ಪ, ಹಲವು ಸಲ, ಶ್ರಮಪಟ್ಟು ತಿನ್ನಲು ರೂಪುಗೊಂಡ ಶರೀರ ಅದು. ತುಂಬಿದ ತಟ್ಟೆಯ ಪಕ್ಕದಲ್ಲೇ ಮಲಗುವ ಸೌಲಭ್ಯಕ್ಕೆ ಅದು ಸಿದ್ಧವಾಗಿಲ್ಲ.

ದಪ್ಪವೋ, ಬೊಜ್ಜೋ?

ಬೆಕ್ಕಿಗೆ ಬೊಜ್ಜು ಬಂದಿದೆಯೇ ಎಂದು ತಿಳಿಯಲು ಕಣ್ಣಿಗಿಂತ ಬೆರಳು ವಾಸಿ. ನಿಮ್ಮ ಅಂಗೈಯನ್ನು ಕೆಳಗೆ ಮಾಡಿ ಚಾಚಿ, ಇನ್ನೊಂದು ಕೈಯ ಬೆರಳಿನಿಂದ ಹಿಂಗೈ ಮೇಲೆ ಸವರಿ ನೋಡಿ. ತೆಳುವಾದ ಚರ್ಮದಡಿ ಮೂಳೆಗಳು ಒಂದೊಂದಾಗಿ ತಿಳಿಯುತ್ತವೆ. ಸರಿಯಾದ ತೂಕದ ಬೆಕ್ಕಿನ ಪಕ್ಕೆಲುಬು ಕೈಗೆ ಹೀಗೆ ಸಿಗಬೇಕು. ಮುಷ್ಟಿ ಬಿಗಿದಾಗ ಎದ್ದು ನಿಲ್ಲುವ ಗೆಣ್ಣುಗಳಂತೆ ಚುಚ್ಚಿದರೆ ಬೆಕ್ಕು ಬಡಕಲು. ಅಂಗೈಯ ಮೆತ್ತನೆಯ ಭಾಗವನ್ನು ಒತ್ತಿದಂತೆ, ಮೂಳೆ ಎಲ್ಲಿದೆ ಎಂದು ಹುಡುಕಬೇಕಾಗಿ ಬಂದರೆ ಅದು ಬೊಜ್ಜು. ಮೇಲಿನಿಂದ ನೋಡಿದಾಗ ಪಕ್ಕೆಲುಬಿನ ಹಿಂದೆ ಸೊಂಟ ಒಳಸರಿದಿರಬೇಕು. ಹೊಟ್ಟೆಯಡಿ ನಡೆಯುವಾಗ ಓಲಾಡುವ ಸಡಿಲ ಚರ್ಮದ ಮಡಿಕೆ ಮಾತ್ರ ತೆಳ್ಳಗಿನ ಬೆಕ್ಕಿಗೂ ಇರುತ್ತದೆ. ಅದನ್ನು ಕಂಡು ಗಾಬರಿ ಬೇಡ.

ಪಶುವೈದ್ಯರು ಇದನ್ನೇ ಒಂದರಿಂದ ಒಂಬತ್ತರ ಅಂಕಗಳಲ್ಲಿ ಅಳೆಯುತ್ತಾರೆ. ಐದು ಎಂದರೆ ಸರಿಯಾದ ಮೈಕಟ್ಟು. ಅದರ ಮೇಲಿನ ಪ್ರತಿ ಅಂಕಕ್ಕೂ ತೂಕ ಸುಮಾರು ಶೇಕಡ 10ರಿಂದ 15ರಷ್ಟು ಹೆಚ್ಚಿದೆ ಎಂದು ಅರ್ಥ. ಮಾಮೂಲಿ ನಾಡು ಬೆಕ್ಕು ಮೂರೂವರೆಯಿಂದ ಐದು ಕಿಲೋ ತೂಗುವುದರಿಂದ ಒಂದು ಕಿಲೋ ಹೆಚ್ಚಳ ಸಣ್ಣದಲ್ಲ. 50 ಕಿಲೋ ತೂಕದ ವಿದ್ಯಾರ್ಥಿಯ ಮೇಲೆ ಹನ್ನೆರಡು ಕಿಲೋ ಹೊರೆ ಹೊರಿಸಿ ದಿನವಿಡೀ ಓಡಾಡಿಸಿದ ಹಾಗೆ. ಕೀಲುಗಳು ಸವೆಯುತ್ತವೆ, ಬೆನ್ನಿನ ಹಿಂಭಾಗ ನಾಲಿಗೆಗೆ ಎಟುಕದೆ ಅಲ್ಲಿನ ರೋಮ ಗಂಟುಕಟ್ಟುತ್ತದೆ, ಮನುಷ್ಯರಿಗೆ ನಡುವಯಸ್ಸಿನಲ್ಲಿ ಬರುವಂಥ ಮಧುಮೇಹವೇ ಬೆಕ್ಕಿಗೂ ಅಂಟಿಕೊಳ್ಳುತ್ತದೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿದ್ದ ಹಿಮ್ಮಿ ಎಂಬ ಬೆಕ್ಕು 21.3 ಕಿಲೋ ತೂಗುತ್ತಿತ್ತು. ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ತಳ್ಳುಗಾಡಿಯಲ್ಲಿ ಒಯ್ಯುತ್ತಿದ್ದರು. 1986ರಲ್ಲಿ, ಹತ್ತು ವರ್ಷದ ಪ್ರಾಯದಲ್ಲಿ, ಉಸಿರಾಟ ಸೋತು ಅದು ಸತ್ತಿತು. ದಾಖಲೆಯ ಆಸೆಗೆ ಜನ ಪ್ರಾಣಿಗಳಿಗೆ ತುರುಕಿ ತಿನ್ನಿಸದಿರಲೆಂದು ಗಿನ್ನೆಸ್ ಸಂಸ್ಥೆ ಮುಂದೆ ಈ ಬಗೆಯ ದಾಖಲೆಯನ್ನೇ ಕೈಬಿಟ್ಟಿತು. 2012ರಲ್ಲಿ ಅಮೆರಿಕದ ಸಾಂಟಾ ಫೆ ಊರಿನ ಪ್ರಾಣಿ ಆಶ್ರಯ ಕೇಂದ್ರಕ್ಕೆ ಬಂದ ‘ಮಿಯಾವ್’ ಎಂಬ ಎರಡು ವರ್ಷದ ಬೆಕ್ಕಿನ ತೂಕ ಸುಮಾರು ಹದಿನೇಳೂವರೆ ಕಿಲೋ. ಅಲ್ಲಿಯವರು ನಿಧಾನವಾಗಿಯೇ ತೂಕ ಇಳಿಸತೊಡಗಿದ್ದರು. ಒಂದು ಕಿಲೋದಷ್ಟು ಇಳಿದೂ ಇತ್ತು. ಕೆಲವೇ ವಾರಗಳಲ್ಲಿ ಅದರ ಶ್ವಾಸಕೋಶ ಕೈಕೊಟ್ಟಿತು. ಆರೈಕೆ ಸರಿಯಿತ್ತು, ಆರಂಭವಾದದ್ದು ತಡವಾಗಿ.

ಹೊಟ್ಟೆ ಊದಿದ ಬೆಕ್ಕೆಲ್ಲ ಬೊಜ್ಜಿನದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಗರ್ಭ, ಜಂತುಹುಳು, ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ, ಇವೂ ಹಾಗೆಯೇ ಕಾಣುತ್ತವೆ. ಆದ್ದರಿಂದ ಮೊದಲ ಹೆಜ್ಜೆ ಪಶು ಆಸ್ಪತ್ರೆಗೆ.

ಉಪವಾಸದ ಅಪಾಯ

ಬೆಕ್ಕು ದಪ್ಪವಾಗಿದೆ ಎಂದು ಗೊತ್ತಾದ ಮನೆಗಳಲ್ಲಿ ಸಾಮಾನ್ಯವಾಗಿ ಮೊದಲು ಹೊಳೆಯುವ ಉಪಾಯ: ಎರಡು ದಿನ ಏನೂ ಹಾಕದಿರೋಣ, ತಾನೇ ಇಳಿಯುತ್ತದೆ. ಮನುಷ್ಯರಿಗೆ ಏಕಾದಶಿ ಒಗ್ಗಬಹುದು. ಬೊಜ್ಜು ಬೆಕ್ಕಿಗೆ ಅದು ಪ್ರಾಣಕ್ಕೇ ಮುಳುವಾದೀತು.

ಕಾರಣ ಯಕೃತ್ತಿನಲ್ಲಿದೆ. ಆಹಾರ ನಿಂತಾಗ ಶರೀರ ತನ್ನ ಕೊಬ್ಬಿನ ಗೋದಾಮನ್ನು ತೆರೆಯುತ್ತದೆ. ಕರಗಿದ ಕೊಬ್ಬು ರಕ್ತದ ಮೂಲಕ ಯಕೃತ್ತಿಗೆ ಬರುತ್ತದೆ. ಅಲ್ಲಿ ಅದು ಒಂದೋ ಉರಿಯಬೇಕು, ಇಲ್ಲವೇ ಪ್ರೋಟೀನಿನ ಜೊತೆ ಸೇರಿ ಬೇರೆ ಅಂಗಗಳಿಗೆ ರವಾನೆಯಾಗಬೇಕು. ಬೊಜ್ಜು ಬೆಕ್ಕಿನಲ್ಲಿ ಬರುವ ಸರಕು ಅಪಾರ. ಹೊರಗೆ ಸಾಗಿಸಲು ಬೇಕಾದ ಪ್ರೋಟೀನು, ಊಟವೇ ಇಲ್ಲದ್ದರಿಂದ, ಕೊರತೆ. ಲಾರಿಗಳು ಒಳಬರುತ್ತಲೇ ಇದ್ದು ಹೊರಹೋಗುವ ಗೇಟು ಮುಚ್ಚಿದ ಮಾರುಕಟ್ಟೆಯಂತೆ ಯಕೃತ್ತಿನ ಜೀವಕೋಶಗಳೆಲ್ಲ ಕೊಬ್ಬಿನಿಂದ ತುಂಬಿಹೋಗುತ್ತವೆ. ಆಗ ಬೆಕ್ಕಿಗೆ ಊಟವೇ ಸೇರುವುದಿಲ್ಲ, ಅದರಿಂದ ರೋಗ ಇನ್ನಷ್ಟು ಬಲಿಯುತ್ತದೆ. ವಸಡು, ಕಿವಿಯ ಒಳಭಾಗ ಹಳದಿಯಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವು. ಇದಕ್ಕೆ ತಿಂಗಳುಗಟ್ಟಲೆ ಬೇಕಿಲ್ಲ, ಕೆಲವೇ ದಿನಗಳ ನಿರಾಹಾರ ಸಾಕು. ಹೊಸ ಆಹಾರ ಇಷ್ಟವಾಗದೆ ಒಂದು ಹಗಲು ಒಂದು ರಾತ್ರಿ ಬೆಕ್ಕು ಏನನ್ನೂ ಮುಟ್ಟಲಿಲ್ಲವೆಂದರೆ ‘ಹಸಿದರೆ ತಾನೇ ತಿನ್ನುತ್ತದೆ’ ಎಂದು ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಆಹಾರ ಬದಲಿಸುವುದಾದರೂ ಹಳೆಯದಕ್ಕೆ ಹೊಸದನ್ನು ಬೆರೆಸುತ್ತ ಏಳರಿಂದ ಹತ್ತು ದಿನ ತೆಗೆದುಕೊಳ್ಳಬೇಕು.

ವರ್ಗಮೂಲದ ಗುಂಡಿ ಎರಡು ಬಾರಿ

ಹಾಗಾದರೆ ಎಷ್ಟು ಹಾಕಬೇಕು? ಇಲ್ಲಿ ವಿದ್ಯಾರ್ಥಿಗಳ ಕ್ಯಾಲ್ಕುಲೇಟರಿಗೆ ಕೆಲಸ. ಪ್ರಾಣಿಯ ತೂಕ ಎರಡರಷ್ಟಾದರೆ ಅದಕ್ಕೆ ಬೇಕಾದ ಶಕ್ತಿ ಎರಡರಷ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಸಾಕು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ದುಡಿದ ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ 1932ರಲ್ಲಿ, ಶಕ್ತಿಯ ಅಗತ್ಯ ತೂಕದ ಮುಕ್ಕಾಲನೇ ಘಾತದಂತೆ ಏರುತ್ತದೆ ಎಂದು ತೋರಿಸಿದ. ಪಾರಿವಾಳದಿಂದ ಹಸುವಿನವರೆಗೆ ಹೊಂದುವ ಆ ನಿಯಮವನ್ನೇ ಪಶುವೈದ್ಯರು ಇಂದಿಗೂ ಬಳಸುತ್ತಾರೆ.

ಆರು ಕಿಲೋ ತೂಗುವ, ನಾಲ್ಕೂವರೆ ಕಿಲೋ ಇರಬೇಕಾದ ಬೆಕ್ಕೊಂದನ್ನು ತೆಗೆದುಕೊಳ್ಳೋಣ. ಲೆಕ್ಕ ಈಗಿನ ತೂಕಕ್ಕಲ್ಲ, ಗುರಿಯ ತೂಕಕ್ಕೆ. 4.5ರ ವರ್ಗಮೂಲ 2.12. ಗುಂಡಿಯನ್ನು ಇನ್ನೊಮ್ಮೆ ಒತ್ತಿದರೆ 1.456. ಇವೆರಡನ್ನೂ ಗುಣಿಸಿದರೆ 3.09, ಅದೇ ಮುಕ್ಕಾಲನೇ ಘಾತ. ಇದನ್ನು 70ರಿಂದ ಗುಣಿಸಿದರೆ 216 ಕಿಲೋಕ್ಯಾಲರಿ. ಸುಮ್ಮನೆ ಮಲಗಿದ ಬೆಕ್ಕಿಗೆ ದಿನಕ್ಕೆ ಬೇಕಾದದ್ದು ಇಷ್ಟು. ತೂಕ ಇಳಿಸಲು ಸಾಮಾನ್ಯವಾಗಿ ಅದರ ಶೇಕಡ 80, ಅಂದರೆ 173 ಕಿಲೋಕ್ಯಾಲರಿಯಿಂದ ಆರಂಭಿಸುತ್ತಾರೆ. ನೂರು ಗ್ರಾಮಿಗೆ 370 ಕಿಲೋಕ್ಯಾಲರಿ ಇರುವ ಒಣ ಆಹಾರವಾದರೆ ದಿನಕ್ಕೆ 47 ಗ್ರಾಂ. ಕಣ್ಣಳತೆಯಲ್ಲಿ ಹಿಡಿಯಷ್ಟು ಹಾಕಿದರೆ 47 ಎಂಬುದು 60 ಆಗುವುದು ಗೊತ್ತೇ ಆಗುವುದಿಲ್ಲ. ತೂಗಿಯೇ ಹಾಕಬೇಕು.

ಈಗ ಅಜ್ಜಿಯ ಬಟ್ಟಲಿಗೆ ಬರೋಣ. ಗಟ್ಟಿ ಎಮ್ಮೆ ಹಾಲು ನೂರು ಮಿಲಿಲೀಟರಿಗೆ ಸುಮಾರು 100 ಕಿಲೋಕ್ಯಾಲರಿ. ಒಂದು ಲೋಟ ಹಾಲು ಹೊಟ್ಟೆ ಸೇರಿದರೆ ಆ ದಿನದ ಪಾಲು ಬಹುಮಟ್ಟಿಗೆ ಮುಗಿದಂತೆ! ಅದೂ ಅಲ್ಲದೆ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಬಿಸ್ಕತ್ತಿನ ಸಿಹಿ ಬೆಕ್ಕಿಗೆ ತಿಳಿಯುವುದೇ ಇಲ್ಲ. ಸಿಹಿ ಗುರುತಿಸುವ ರುಚಿಗ್ರಾಹಕಕ್ಕೆ ಬೇಕಾದ ಒಂದು ಜೀನು ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆ ಎಂಬುದು 2005ರಲ್ಲಿ ಪತ್ತೆಯಾಯಿತು. ಅದು ನೆಕ್ಕುವುದು ಕೊಬ್ಬಿನ ಆಸೆಗೆ.

ಅನ್ನ ಹಾಲನ್ನೇ ಕಡಿಮೆ ಮಾಡಿ ಕೊಟ್ಟರಾಗದೇ ಎಂದು ಸಸ್ಯಾಹಾರಿ ಮನೆಗಳಲ್ಲಿ ಕೇಳುವುದುಂಟು. ಆಗದು. ಬೆಕ್ಕು ಅಪ್ಪಟ ಮಾಂಸಾಹಾರಿ. ಟಾರೀನ್ ಎಂಬ ಅಮೈನೋ ಆಮ್ಲವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅನ್ನ, ರಾಗಿ, ಬೇಳೆಗಳಲ್ಲಿ ಅದು ಇಲ್ಲವೆಂದೇ ಹೇಳಬಹುದು, ಹಾಲಿನಲ್ಲಿರುವುದು ಅತ್ಯಲ್ಪ. ಟಾರೀನ್ ಕೊರತೆಯಿಂದ ಬೆಕ್ಕಿನ ಅಕ್ಷಿಪಟ ನಶಿಸುತ್ತದೆ ಎಂದು 1975ರಲ್ಲೂ, ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುತ್ತದೆ ಎಂದು 1987ರಲ್ಲೂ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಮೊದಲು ಅಟ್ಟದ ಇಲಿ ಈ ಕೊರತೆಯನ್ನು ಸದ್ದಿಲ್ಲದೆ ತುಂಬಿಕೊಡುತ್ತಿತ್ತು. ಮನೆಯಲ್ಲಿ ಮೀನು, ಮಾಂಸ ಮುಟ್ಟದವರು ಅಂಗಡಿಯ ಸಿದ್ಧ ಬೆಕ್ಕಿನ ಆಹಾರವನ್ನಾದರೂ ತರಬೇಕು. ನಾಯಿಯ ಆಹಾರ ಇದಕ್ಕೆ ಬದಲಿಯಲ್ಲ. ಮಾಮೂಲಿ ಆಹಾರವನ್ನೇ ತೀರ ತಗ್ಗಿಸಿದರೆ ಕ್ಯಾಲರಿಯ ಜೊತೆ ಪ್ರೋಟೀನೂ ತಗ್ಗಿ ಸ್ನಾಯು ಕರಗುತ್ತದೆ. ಹೀಗಾಗಿ ಪ್ರೋಟೀನು ಹೆಚ್ಚಿರುವ, ತೂಕ ಇಳಿಸಲೆಂದೇ ತಯಾರಾದ ಆಹಾರವನ್ನು ವೈದ್ಯರು ಸೂಚಿಸುವುದುಂಟು. ಮುಕ್ಕಾಲು ಪಾಲು ನೀರೇ ಇರುವ ಹಸಿ ಆಹಾರವೂ ಒಳ್ಳೆಯದು. ಹೊಟ್ಟೆ ತುಂಬುತ್ತದೆ, ಕ್ಯಾಲರಿ ಕಡಿಮೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರಿನ ಮಾಂಸ ಮಾತ್ರ ಕೂಡದು. ಅವು ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ.

ಮನೆಮಂದಿಯ ಒಪ್ಪಂದ

ಲೆಕ್ಕ ಎಷ್ಟೇ ಸರಿಯಿದ್ದರೂ ಅದು ಕೆಡುವುದು ಅಡುಗೆಮನೆಯಲ್ಲಿ. ಅಮ್ಮ ತೂಗಿ ಹಾಕುತ್ತಾರೆ, ಅಪ್ಪ ಗೊತ್ತಿಲ್ಲದೆ ಮತ್ತೊಮ್ಮೆ ಹಾಕುತ್ತಾರೆ, ಪಕ್ಕದ ಮನೆಯವರು ಪ್ರೀತಿಯಿಂದ ಮೀನಿನ ತಲೆ ಕೊಡುತ್ತಾರೆ. ಬೆಳಿಗ್ಗೆಯೇ ದಿನದ 47 ಗ್ರಾಂ ತೂಗಿ ಒಂದು ಡಬ್ಬಿಯಲ್ಲಿಟ್ಟು, ಯಾರು ಹಾಕಿದರೂ ಆ ಡಬ್ಬಿಯಿಂದಲೇ ಎಂದು ಗೊತ್ತುಮಾಡಿಕೊಂಡರೆ ಅರ್ಧ ಗೊಂದಲ ತಪ್ಪುತ್ತದೆ. ನಾಲ್ಕೈದು ಪಾಲು ಮಾಡಿ, ಕೊನೆಯದನ್ನು ಮಲಗುವ ಮುನ್ನ ಹಾಕಿದರೆ ಬೆಳಗಿನ ಜಾವದ ಕೂಗಾಟವೂ ತಗ್ಗುತ್ತದೆ. ಕೂಗಿದಾಗಲೆಲ್ಲ ತಟ್ಟೆ ತುಂಬುವ ಮನೆಯಲ್ಲಿ ಬೆಕ್ಕು ಕೂಗುವುದನ್ನು ಕಲಿಯುತ್ತದೆ, ಇದರಲ್ಲಿ ಅದರ ತಪ್ಪೇನೂ ಇಲ್ಲ.

ಹಳೆಯ ಪ್ಲಾಸ್ಟಿಕ್ ಬಾಟಲಿಗೆ ಆಹಾರದ ಕಾಳು ಉದುರುವಷ್ಟು ತೂತು ಕೊರೆದು ಉರುಳಿಸಿಬಿಟ್ಟರೆ ಬೆಕ್ಕು ಅದನ್ನು ತಳ್ಳಿ ತಳ್ಳಿ ಒಂದೊಂದೇ ಕಾಳು ಗಿಟ್ಟಿಸಿಕೊಳ್ಳುತ್ತದೆ. ಕೋಲಿಗೆ ಕಟ್ಟಿದ ದಾರದ ತುದಿಯ ಪುಕ್ಕವನ್ನು ದಿನಕ್ಕೆರಡು ಸಲ ಐದೈದು ನಿಮಿಷ ಅಟ್ಟಿಸಿಕೊಂಡು ಓಡಿದರೂ ಸಾಕು. ಆಟವಾದ ಮೇಲೆ ದಾರವನ್ನು ಎತ್ತಿಡಬೇಕು. ನುಂಗಿದ ದಾರ ಕರುಳನ್ನು ಕೊಯ್ಯಬಲ್ಲದು.

ವಾರಕ್ಕೆ ಈಗಿನ ತೂಕದ ಶೇಕಡ ಒಂದರಷ್ಟು ಇಳಿದರೆ ಸರಿಯಾದ ವೇಗ, ಎರಡು ಎಂದರೆ ಮೇಲಿನ ಮಿತಿ. ನಮ್ಮ ಆರು ಕಿಲೋ ಬೆಕ್ಕಿಗೆ ಅದು ವಾರಕ್ಕೆ 60 ಗ್ರಾಂ. ಬೆಕ್ಕನ್ನು ಎತ್ತಿಕೊಂಡು ಸ್ನಾನದ ಮನೆಯ ತಕ್ಕಡಿಯ ಮೇಲೆ ನಿಂತು, ನಿಮ್ಮ ತೂಕ ಕಳೆಯುವ ವಿಧಾನ ಇಲ್ಲಿ ಸಾಲದು. ಆ ತಕ್ಕಡಿ ತೋರಿಸುವ ಅತಿ ಚಿಕ್ಕ ಅಳತೆಯೇ ಸಾಮಾನ್ಯವಾಗಿ 100 ಗ್ರಾಂ. ದಿನಸಿ ಅಂಗಡಿಯಲ್ಲಿರುವಂಥ ತಕ್ಕಡಿಯ ಮೇಲೆ ಬುಟ್ಟಿಯಿಟ್ಟು, ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಗಿ ಗ್ರಾಫ್ ಹಾಳೆಯಲ್ಲಿ ಗುರುತಿಸುವ ಕೆಲಸವನ್ನು ಮಕ್ಕಳಿಗೇ ಬಿಡಬಹುದು. ಗೆರೆ ನೇರವಾಗಿ ಇಳಿಯುವುದಿಲ್ಲ, ಒಂದು ವಾರ ಏರಿದರೂ ಏರೀತು. ಮೂರ್ನಾಲ್ಕು ವಾರ ಅಲ್ಲಾಡದೆ ನಿಂತರೆ ಮಾತ್ರ ವೈದ್ಯರನ್ನು ಕೇಳಿ ಐದಾರು ಗ್ರಾಂ ತಗ್ಗಿಸಬೇಕು. ಶೇಕಡ ಒಂದರ ವೇಗದಲ್ಲಿ ನಾಲ್ಕೂವರೆ ಕಿಲೋ ಮುಟ್ಟಲು ಸುಮಾರು 29 ವಾರ ಬೇಕು. ಶಾಲೆ ತೆರೆಯುವ ಜೂನ್ ಮೊದಲ ವಾರದಲ್ಲಿ ಆರಂಭಿಸಿದರೆ ಗೆರೆ ಗುರಿ ತಲಪುವುದು ಡಿಸೆಂಬರ್ ಕೊನೆಗೆ. ಅಲ್ಲಿಂದ ತಟ್ಟೆಗೆ ನಿಧಾನವಾಗಿ ನಾಲ್ಕೈದು ಗ್ರಾಂ ಸೇರಿಸುತ್ತ, ಗೆರೆ ಏರದೆ ಇಳಿಯದೆ ಮಟ್ಟಸವಾಗಿ ನಿಲ್ಲುವ ಅಳತೆಯನ್ನು ಹುಡುಕಬೇಕು. ಅದಕ್ಕೆ ಗ್ರಾಫ್ ಹಾಳೆಯಲ್ಲಿ ಇನ್ನೊಂದಿಷ್ಟು ಜಾಗ ಬಿಟ್ಟಿರಲಿ.